ಒಲೆಯ ಲೆಕ್ಕ ಬರೆಯುವವರು ಯಾರು?

ಕಟ್ಟಿಗೆಯ ಒಲೆಯನ್ನು ಬಿಟ್ಟು ಅನಿಲದ ಒಲೆಗೋ ಸುಧಾರಿತ ಒಲೆಗೋ ಬಂದ ಬಡ ಕುಟುಂಬವು ಇಂಗಾಲದ ಯೋಜನೆಯೊಂದಕ್ಕೆ ಸೇರಿದೊಡನೆ, ಅದರ ಹೆಸರಿನಲ್ಲಿ 'ಇಷ್ಟು ಟನ್ ಉಳಿತಾಯ' ಎಂಬ ಅಂಕಿ ಹುಟ್ಟುತ್ತದೆ. ಆ ಅಂಕಿಯು ಪೇಟೆಯಲ್ಲಿ ಮಾರಾಟವಾಗುತ್ತದೆ. ಕೊಂಡ ಕಂಪನಿಯು ಅದನ್ನು ತೋರಿಸಿ, ಅಷ್ಟೇ ಹೊಗೆಯನ್ನು ತಾನು ಉಗುಳಿದ್ದಕ್ಕೆ ಪರಿಹಾರವಾಯಿತೆಂದು ಹೇಳಿಕೊಳ್ಳುತ್ತದೆ. ಹೀಗಿರುವಾಗ ಒಲೆಯ ಲೆಕ್ಕ ತಪ್ಪಿದರೆ ಅದು ಕಾಗದದ ತಪ್ಪಾಗಿ ಉಳಿಯುವುದಿಲ್ಲ, ಆಕಾಶಕ್ಕೆ ಸೇರಿದ ಹೆಚ್ಚಿನ ಹೊಗೆಯಾಗುತ್ತದೆ.

ಲೆಕ್ಕದ ಕ್ರಮವು ಶಾಲೆಯ ಮಕ್ಕಳೂ ಮಾಡಬಹುದಾದಷ್ಟು ಸರಳ. ಮನೆಯೊಂದು ದಿನಕ್ಕೆ 5 ಕಿಲೋ ಕಟ್ಟಿಗೆ ಉರಿಸುತ್ತದೆಂದು ಹಿಡಿಯೋಣ. ವರ್ಷಕ್ಕೆ 1,825 ಕಿಲೋ. ಕಿಲೋ ಕಟ್ಟಿಗೆಯಿಂದ ಸುಮಾರು 1.75 ಕಿಲೋ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ, ಒಟ್ಟು 3.2 ಟನ್. ಬದಲಿಗೆ 14.2 ಕಿಲೋ ತೂಕದ 8 ಸಿಲಿಂಡರ್ ಬಳಸಿದರೆ, ಕಿಲೋ ಅನಿಲಕ್ಕೆ 3 ಕಿಲೋದಂತೆ 0.34 ಟನ್.

ಇಲ್ಲಿಯೇ ಕೈಚಳಕ ಅಡಗಿದೆ. ಕಡಿದಷ್ಟು ಮತ್ತೆ ಚಿಗುರುವ ಕಟ್ಟಿಗೆಯ ಹೊಗೆಯನ್ನು ಹೊಸ ಮರವೇ ಹೀರಿಕೊಳ್ಳುವುದರಿಂದ, ಮತ್ತೆ ಬೆಳೆಯದ ಪಾಲನ್ನು ಮಾತ್ರ ಉಳಿತಾಯಕ್ಕೆ ಹಿಡಿಯಬೇಕು. ಆ ಪಾಲು ನೂರಕ್ಕೆ 90 ಎಂದು ಬರೆದರೆ ಮನೆಯ ಉಳಿತಾಯ ಸುಮಾರು 2.5 ಟನ್, 30 ಎಂದು ಬರೆದರೆ 0.6 ಟನ್. ರೊಟ್ಟಿಗೂ ಹಂಡೆಯ ನೀರಿಗೂ ಅರ್ಧದಷ್ಟು ಕಟ್ಟಿಗೆ ಉರಿಯುತ್ತಲೇ ಇದ್ದರೆ ಬರೀ 0.3 ಟನ್. ಒಲೆ ಅದೇ, ಮನೆ ಅದೇ. ಅಂಕಿ ಎಂಟು ಪಟ್ಟು! ಇದು ಕೇವಲ ನಮ್ಮ ಶಂಕೆಯಲ್ಲ. 2024ರಲ್ಲಿ 'ನೇಚರ್ ಸಸ್ಟೇನೆಬಿಲಿಟಿ' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು, ತಾನು ಪರೀಕ್ಷಿಸಿದ ಒಲೆ ಯೋಜನೆಗಳಲ್ಲಿ ಉಳಿತಾಯವನ್ನು ಸರಾಸರಿ 9 ಪಟ್ಟಿಗೂ ಹೆಚ್ಚು ಉಬ್ಬಿಸಲಾಗಿದೆ ಎಂದಿತು. ಜಗತ್ತಿನ ಸೌದೆಯಲ್ಲಿ ಮತ್ತೆ ಬೆಳೆಯದಂತೆ ಕಡಿಯುವ ಪಾಲು ನೂರಕ್ಕೆ 27ರಿಂದ 34 ಎಂದು 2015ರಲ್ಲಿಯೇ ಇನ್ನೊಂದು ಅಧ್ಯಯನ ಅಂದಾಜಿಸಿತ್ತು.

ನೂರಕ್ಕೆ 90 ಎಂದು ಬರೆಯುವುದೆಂದರೆ, ಕಾಡು ಬರಿದಾಗುವುದು ಬಹುಪಾಲು ಬಡವರ ಒಲೆಯಿಂದ ಎಂದು ತೀರ್ಪು ಕೊಟ್ಟಂತೆ. ಅಳ್ನಾವರದ ಸುತ್ತಲಿನ ಮಲೆಸೆರಗಿನ ಜನ ಈ ತೀರ್ಪನ್ನು ಒಪ್ಪಬೇಕೇ? ಇಲ್ಲಿಯ ಒಲೆಗೆ ಹೋಗುವುದು ಒಣಗಿ ಬಿದ್ದ ಟೊಂಗೆ, ಹತ್ತಿಕಟ್ಟಿಗೆ, ಕುಳ್ಳು. ಅಳ್ನಾವರದಿಂದ ದಾಂಡೇಲಿಗೆ ರೈಲುಹಳಿ ಹಾಕಿದ್ದು ಯಾರ ಒಲೆಗಾಗಿಯೂ ಅಲ್ಲ, ಕಾಡಿನ ಮರವನ್ನು ಹೊರಸಾಗಿಸಲು. 1984ರಲ್ಲಿ ಸರ್ಕಾರವು ಹರಿಹರ ಪಾಲಿಫೈಬರ್ಸ್ ಜೊತೆಗೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಸ್ಥಾಪಿಸಿ, ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯನ್ನು ನೀಲಗಿರಿಗೆ ಒಪ್ಪಿಸಹೊರಟಿತು. ಆಗ ಸೌದೆ-ಮೇವಿನ ನೆಲ ಉಳಿಸಿಕೊಳ್ಳಲು, ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ 1987ರ ನವೆಂಬರ್ 14ರಂದು 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ಮಾಡಿದವರು ಒಲೆ ಉರಿಸುವ ಜನರೇ. 1991ರಲ್ಲಿ ಆ ಕಂಪನಿ ಮುಚ್ಚಿತು.

ಇದರರ್ಥ ಹಳೆಯ ಒಲೆಯೇ ಇರಲಿ ಎಂದಲ್ಲ. ಅರೆಬರೆ ಉರಿದ ಕಟ್ಟಿಗೆಯ ಮೀಥೇನ್, ಮಸಿಗಳು ಭೂಮಿಯನ್ನು ಬಿಸಿಮಾಡುತ್ತವೆ. ಹೊಗೆ ತಾಯಂದಿರ ಪುಪ್ಪುಸವನ್ನು ತಿನ್ನುತ್ತದೆ. 2016ರ ಉಜ್ವಲಾ ಯೋಜನೆ ಹೊಗೆಯಿಲ್ಲದ ಅಡುಗೆಮನೆಯ ಆಸೆಯನ್ನಾದರೂ ಹುಟ್ಟಿಸಿತು. ಆದರೆ ಹೊಗೆಯಿಲ್ಲದ ಅಡುಗೆಮನೆ ಹೆಣ್ಣುಮಕ್ಕಳ ಹಕ್ಕು; ಅದಕ್ಕೆ ದೂರದ ಕಾರ್ಖಾನೆಯ ಪಾಪವನ್ನು ತೊಳೆದುಕೊಡುವ ಷರತ್ತು ಬೇಡ.

2005ರಲ್ಲಿ ವಿಶ್ವಸಂಸ್ಥೆಯ ಪಟ್ಟಿಗೆ ಸೇರಿದ ಬಾಗೇಪಲ್ಲಿಯ 5,500 ಮನೆಗಳ ಜೈವಿಕ ಅನಿಲ ಯೋಜನೆ ಅಲ್ಲಿಯ ಕೂಲಿ ಸಂಘದ್ದು. ಅದರ ಅಂಕಿಗಳನ್ನೂ ಪ್ರಶ್ನಿಸಬಹುದು. ಆದರೆ ಯಾರನ್ನು ಕೇಳಬೇಕೆಂಬುದು ಊರಿಗೆ ತಿಳಿದಿತ್ತು. ನಮ್ಮ ಬೇಡಿಕೆಯೂ ಅಷ್ಟೇ. ಒಲೆಯ ಹೆಸರಿನಲ್ಲಿ ಇಂಗಾಲ ಮಾರುವವರು ಮೊದಲು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಲೆಕ್ಕ ಓದಲಿ: ಕಟ್ಟಿಗೆ ತೂಗಿದ್ದು ಯಾವ ಮನೆಗಳಲ್ಲಿ, ಮತ್ತೆ ಬೆಳೆಯದ ಪಾಲು ಎಷ್ಟೆಂದು ಹಿಡಿದಿರಿ, ಬಂದ ಹಣ ಎಲ್ಲಿ? ವಿದ್ಯಾರ್ಥಿ ಮಿತ್ರರು ಒಂದು ತಕ್ಕಡಿ ಹಿಡಿದು ತಮ್ಮ ಓಣಿಯ ಹತ್ತು ಮನೆಗಳ ಕಟ್ಟಿಗೆಯನ್ನು ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ತೂಗಿ ಬರೆದಿಡಲಿ. ಊರಿನ ಬಳಿ ಊರಿನದೇ ಲೆಕ್ಕವಿದ್ದರೆ, ಹೊರಗಿನವರ ಲೆಕ್ಕಕ್ಕೆ ತಲೆಯಾಡಿಸುವ ಗತಿ ಬಾರದು.