ಆಫೀಸ್ ಫೋನಿಗೆ ಯಾವ ಕಾನೂನು ಕಲಿಸಬೇಕು?

ಇಂಜಿನಿಯರಿಂಗ್ ಮುಗಿಸಿ ಸೇರಿದ ಮೊದಲ ಕೆಲಸದಲ್ಲಿ ನನ್ನ ಪಾಲಿಗೆ ಬಂದದ್ದು ಫೋನುಗಳು. ಬೆಂಗಳೂರು, ಲಂಡನ್, ಸಿಡ್ನಿ, ಪ್ಯಾರಿಸ್‌ನಲ್ಲಿ ಆಫೀಸಿದ್ದ ಕಂಪನಿ. ಎಲ್ಲ ಕಡೆಯ ಹಳೆ ಪಿಬಿಎಕ್ಸ್ ಕಿತ್ತುಹಾಕಿ ಒಂದೇ ಐಪಿ ಫೋನ್ ವ್ಯವಸ್ಥೆ ತರಬೇಕಿತ್ತು. ಎಕ್ಸ್‌ಟೆನ್ಷನ್ ಒತ್ತಿದರೆ ಯಾವ ದೇಶದ ಮೇಜಿನ ಮೇಲಿನ ಫೋನಾದರೂ ರಿಂಗ್ ಆಗಬೇಕು. ಬೇರೆ ಊರುಗಳದ್ದು ಬೇಗ ಮುಗೀತು. ಇಂಡಿಯಾದ್ದು ಎಳೀತಾನೇ ಹೋಯ್ತು.

ಅಡ್ಡ ಬಂದದ್ದು ಕಾನೂನು. ಲಂಡನ್ ಆಫೀಸಿನ ಕರೆ ಕಂಪನಿಯ ಡೇಟಾ ಲೈನಿನಲ್ಲಿ ಬೆಂಗಳೂರಿಗೆ ಬಂದು, ಇಲ್ಲಿನ ಲೋಕಲ್ ಲೈನ್ ಹಿಡಿದು ಜಯನಗರದ ಒಂದು ಮನೆಗೆ ಹೋಯಿತು ಅನ್ನಿ. ಲೆಕ್ಕದಲ್ಲಿ ಅದು ಲೋಕಲ್ ಕಾಲ್. ಟೆಲಿಕಾಂ ಕಂಪನಿಗೆ ಅಂತಾರಾಷ್ಟ್ರೀಯ ಕರೆಯ ಹಣ ಸಿಗಲ್ಲ, ಸರ್ಕಾರಕ್ಕೆ ಅದರ ಪಾಲೂ ಇಲ್ಲ. ಇದು ಟೋಲ್ ಬೈಪಾಸ್, ಇಲ್ಲಿ ನಿಷಿದ್ಧ. ಹಾಗಾಗಿ ಸಾಫ್ಟ್‌ವೇರ್ ಒಳಗೇ ಗೋಡೆ ಕಟ್ಟಿದ್ವಿ. ಅದರ ಹೆಸರು ಲಾಜಿಕಲ್ ಪಾರ್ಟಿಷನಿಂಗ್. ಸಿಡ್ನಿಯವರ ಜೊತೆ ಮಾತಾಡುವಾಗ ಬೆಂಗಳೂರಿನ ಯಾರದಾದರೂ ಮೊಬೈಲನ್ನು ಕಾನ್ಫರೆನ್ಸ್‌ಗೆ ಸೇರಿಸಲು ಹೋದರೆ ಫೋನ್ ಒಪ್ಪುತ್ತಿರಲಿಲ್ಲ. ಬೈಸಿಕೊಳ್ಳುತ್ತಿದ್ದದ್ದು ನಾನು.

ಈ ನಿಯಮಗಳನ್ನು ಸಡಿಲಿಸಿ ಎಂದು ಉದ್ಯಮ ವರ್ಷಗಟ್ಟಲೆ ಕೇಳಿತ್ತು. ಕೋವಿಡ್ ಬಂದಾಗ ಸರ್ಕಾರ ಬೇಗನೆ ಬಗ್ಗಿತು. 2020ರ ನವೆಂಬರ್‌ನಲ್ಲಿ ಬಿಪಿಒಗಳ ಕಡ್ಡಾಯ ನೋಂದಣಿ ಹೋಯಿತು. 2021ರ ಜೂನ್‌ನಲ್ಲಿ ಅವರ ಪಿಬಿಎಕ್ಸ್ ಜಗತ್ತಿನ ಯಾವ ಮೂಲೆಯಲ್ಲಾದರೂ ಇರಬಹುದು ಎಂದಾಯಿತು. ಕರೆ ದಾಖಲೆಗಳ ಪ್ರತಿ ಮಾತ್ರ ಭಾರತದಲ್ಲಿರಬೇಕು. ಟೋಲ್ ಬೈಪಾಸ್ ನಿಷೇಧವನ್ನು ಆಗಲೂ ಬಿಡಲಿಲ್ಲ.

ಈ ಸಡಿಲಿಕೆ ತಪ್ಪು ಅಂತ ನಾನು ಹೇಳಲ್ಲ. ಹಾಸನದ ಮನೆಯಲ್ಲಿ ಕೂತು ಬೆಂಗಳೂರಿನ ಕೆಲಸ ಮಾಡಲು ಎಷ್ಟೋ ಜನರಿಗೆ ಅನುಕೂಲವಾಯಿತು. ಆದರೆ ಮೇಜಿನ ಮೇಲಿದ್ದ ಫೋನ್ ಈಗ ಲ್ಯಾಪ್‌ಟಾಪ್ ಹೊಕ್ಕು ಮನೆಗೆ ಬಂದಿದೆ. ಹೆಸರಿನ ಪಕ್ಕ ಹಸಿರು ಚುಕ್ಕೆ ಇದ್ದರೆ ಮುಗೀತು, ರಾತ್ರಿ ಹನ್ನೊಂದಕ್ಕೂ ರಿಂಗ್.

ವ್ಯವಸ್ಥೆ ಎಲ್ಲ ಕಡೆ ಒಂದೇ ಆದರೂ ಹಕ್ಕು ಒಂದೇ ಆಗಿಲ್ಲ. ಫ್ರಾನ್ಸ್‌ನಲ್ಲಿ 2017ರಿಂದ ದೊಡ್ಡ ಕಂಪನಿಗಳು ಕೆಲಸದ ನಂತರ ಸಂಪರ್ಕ ಕಡಿದುಕೊಳ್ಳುವ ಹಕ್ಕಿನ ಬಗ್ಗೆ ನೌಕರರ ಪ್ರತಿನಿಧಿಗಳ ಜೊತೆ ಮಾತುಕತೆ ನಡೆಸಲೇಬೇಕು. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ, ಅವಧಿ ಮೀರಿ ಬಂದ ಕರೆಯನ್ನು, ನಿರಾಕರಣೆ ಅಸಮಂಜಸವಲ್ಲದಿದ್ದರೆ, ನೌಕರರು ನಿರಾಕರಿಸಬಹುದು. ಇಲ್ಲಿ? ಲೋಕಸಭೆಯಲ್ಲಿ ಸುಪ್ರಿಯಾ ಸುಳೆ ಮಂಡಿಸಿದ ಖಾಸಗಿ ಮಸೂದೆ ಕಾನೂನಾಗಿಲ್ಲ. ಕೆಲಸದ ಷರತ್ತುಗಳನ್ನು ಲಿಖಿತವಾಗಿ ನಿಗದಿ ಮಾಡಬೇಕೆನ್ನುವ ಸ್ಥಾಯಿ ಆದೇಶ ಕಾಯ್ದೆಯಿಂದ ಐಟಿಗೆ ಇದ್ದ ವಿನಾಯಿತಿಯನ್ನು 2024ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಮತ್ತೆ ಐದು ವರ್ಷ ವಿಸ್ತರಿಸಿತು. ಮರು ತಿಂಗಳೇ ದಿನಕ್ಕೆ 14 ಗಂಟೆ ಕೆಲಸದ ಪ್ರಸ್ತಾಪ ಸುದ್ದಿಯಾಯಿತು, ನೌಕರರ ಸಂಘ ಕೆಐಟಿಯು ಬೀದಿಗಿಳಿಯಬೇಕಾಯಿತು.

ಕಂಪನಿಗಳ ಉತ್ತರ ಗೊತ್ತು: "ಕ್ಲೈಂಟ್ ಅಮೆರಿಕದಲ್ಲಿದ್ದಾರೆ, ನಮ್ಮ ರಾತ್ರಿ ಅವರ ಹಗಲು, ಏನ್ ಮಾಡೋದು?" ಶಿಫ್ಟ್ ಹಾಕಿ, ಅದಕ್ಕೆ ಭತ್ಯೆ ಕೊಡಿ. ಶಿಫ್ಟ್ ಮುಗಿದ ಮೇಲೆ ಕರೆ ಮುಂದಿನ ಪಾಳಿಯವರಿಗೆ ಹೋಗಲಿ. ಗಡಿಯಾರ ನೋಡಿ ಕರೆಯ ದಾರಿ ಬದಲಿಸುವುದು ಈ ಸಾಫ್ಟ್‌ವೇರ್‌ಗಳಲ್ಲಿ ಮೊದಲಿಂದಲೂ ಇರುವ ಸಾಮಾನ್ಯ ಸೆಟ್ಟಿಂಗ್.

ಇಂಡಿಯಾಗೆಂದೇ ಬೇರೆ ಸೆಟ್ಟಿಂಗ್ ಮಾಡಲು ಆಗಲ್ಲ ಅನ್ನುವ ಮಾತನ್ನು ಮಾತ್ರ ನಾನು ನಂಬಲ್ಲ. ಟೆಲಿಕಾಂ ಆದಾಯ ಕಾಯಲು ಅದನ್ನೇ ನಾನು ಕೈಯಾರೆ ಮಾಡಿದ್ದೇನೆ. ನೌಕರರ ರಾತ್ರಿ ಕಾಯಲೂ ಅದೇ ಫೋನಿಗೆ ಕಲಿಸಬಹುದು. ಕಲಿಸಿ ಅಂತ ಹೇಳುವ ಕಾನೂನು ಬೇಕು. ಮುಂದಿನ ಸಲ ಮತ ಕೇಳಲು ಬಂದವರನ್ನು ಇದನ್ನೂ ಕೇಳಿ.