ಬಿದ್ದು ಸತ್ತನೋ, ಸತ್ತು ಬಿದ್ದನೋ?

ಗಿರಣಿಯಲ್ಲಿ ಏಣಿ ಹತ್ತಿದ್ದ ಕೂಲಿಕಾರ ಕೆಳಗೆ ಬಿದ್ದು ಸಾಯುತ್ತಾನೆ. ಬುರುಡೆ ಒಡೆದಿಲ್ಲ, ರಕ್ತ ಸುರಿದಿಲ್ಲ. ಮಾಲೀಕರ ಕಡೆಯವರು ಕೂಡಲೇ ಸಾರುತ್ತಾರೆ: “ಬಿದ್ದು ಸತ್ತದ್ದಲ್ಲ, ಎದೆ ನಿಂತು ಬಿದ್ದದ್ದು.” ಮಾತು ಚಿಕ್ಕದು, ಅದರ ಬೆಲೆ ದೊಡ್ಡದು. ಬಿದ್ದು ಸತ್ತರೆ ಅದು ಕೆಲಸದಿಂದ ಬಂದ ಸಾವು. ಹೆಂಡತಿ ಮಕ್ಕಳಿಗೆ ಪರಿಹಾರ ಉಂಟು. ಎದೆ ನಿಂತು ಬಿದ್ದರೆ ಅದು ಅವನ ಹಣೆಬರಹವಂತೆ! 1923ರ ಪರಿಹಾರ ಕಾಯಿದೆಯ ಕಾಲದಿಂದಲೂ ಜಗಳ ಇದೇ. ಅಂಗಡಿ ಮುಚ್ಚಿ ಸೈಕಲ್ಲೇರಿ ಹೊರಟ ವರ್ತಕ ರಸ್ತೆಬದಿಯಲ್ಲಿ ಹೆಣವಾಗಿ ಸಿಕ್ಕರೆ ಅವನ ಮನೆಯವರಿಗೂ ಇದೇ ಗತಿ.

ಬುರುಡೆ ಒಡೆಯದೆಯೂ ಒಳಗೆ ಮಿದುಳು ಹರಿಯಬಹುದು. ಅದು ಬರಿಗಣ್ಣಿಗೆ ಕಾಣದಿರಬಹುದು. ಆದರೆ ಗಾಯಗೊಂಡ ಮಿದುಳಿನ ಜೀವಕೋಶಗಳಿಂದ ಎಸ್-100 ಬಿ, ಜಿ.ಎಫ್.ಎ.ಪಿ. ಮುಂತಾದ ಪ್ರೋಟೀನುಗಳು ಸೋರುತ್ತವೆ. ಮಿದುಳು, ಬೆನ್ನುಹುರಿಗಳನ್ನು ಸುತ್ತುವರಿದ ತಿಳಿದ್ರವದಲ್ಲಿ ಅವು ಸೇರುತ್ತವೆ. ಕುತ್ತಿಗೆಯ ಹಿಂದಿನಿಂದ ಸೂಜಿ ಹಾಕಿ ಹೆಣದಿಂದಲೂ ಆ ದ್ರವವನ್ನು ತೆಗೆಯಬಹುದು. ಜರ್ಮನಿಯ ಲೈಪ್ಸಿಗ್ ನಗರದ ನ್ಯಾಯವೈದ್ಯರು 2013ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ತಲೆಗೆ ಪೆಟ್ಟು ಬಿದ್ದು ಸತ್ತವರಲ್ಲಿ ಇಂಥ ಪ್ರೋಟೀನುಗಳು ಬೇರೆ ಕಾರಣದಿಂದ ಸತ್ತವರಿಗಿಂತ ಹೆಚ್ಚಿದ್ದುದು ಕಂಡುಬಂದಿತು. ಬದುಕಿರುವವರ ತಲೆಗಾಯವನ್ನು ರಕ್ತದಿಂದ ಅಳೆಯುವ ಪರೀಕ್ಷೆಗೆ ಅಮೇರಿಕೆಯ ಸರಕಾರ 2018ರಲ್ಲೇ ಒಪ್ಪಿಗೆ ಕೊಟ್ಟಿದೆ.

“ಈ ಪರೀಕ್ಷೆಯಲ್ಲಿ ಕುಂದುಗಳಿವೆ” ಎನ್ನುವವರುಂಟು. ಇವೆ, ನಾವು ಮುಚ್ಚಿಡುವುದಿಲ್ಲ. ಪೆಟ್ಟು ಬಿದ್ದ ಕ್ಷಣವೇ ಸತ್ತರೆ ಪ್ರೋಟೀನು ಸೋರಲು ಹೊತ್ತೇ ಸಿಗದು. ಉಸಿರುಕಟ್ಟಿ ಸತ್ತವನ ಮಿದುಳೂ ನೋಯುತ್ತದೆ. ಹೆಣ ಕೊಳೆತಂತೆ ಅಳತೆ ಕೆಡುತ್ತದೆ. ಆದುದರಿಂದ ಇದು ಬುರುಡೆ ತೆರೆದು ನೋಡುವ ಕೆಲಸಕ್ಕೆ ಬದಲಲ್ಲ, ಅದರ ಜೊತೆಯ ಸಾಕ್ಷಿ. ಆದರೆ ಸಾಕ್ಷಿ ಒಬ್ಬನೇ ಎಂದು ಅವನ ಬಾಯಿ ಮುಚ್ಚಿಸುವ ನ್ಯಾಯ ಎಲ್ಲಿಯದು?

“ಸತ್ತವನಿಗೇಕೆ ಇಷ್ಟು ಖರ್ಚು?” ಎಂದು ಕೇಳುವವರೂ ಇದ್ದಾರೆ. ಸ್ವಾಮಿ, ಖರ್ಚು ಸತ್ತವನಿಗಲ್ಲ, ಉಳಿದವರ ಅನ್ನಕ್ಕೆ. ಲಕ್ಷಗಟ್ಟಲೆ ಫೀಜು ತೆತ್ತು ವಕೀಲರನ್ನು ಹಿಡಿಯುವವರ ಕಣ್ಣಿಗೆ ಒಂದು ಸೂಜಿ, ಒಂದು ಸೀಸೆ, ಒಂದು ಮಂಜಿನ ಪೆಟ್ಟಿಗೆ ದುಬಾರಿಯಾಯಿತೇ? ಪರೀಕ್ಷೆ ನಾಳೆ ನಡೆಯಲಿ; ದ್ರವವನ್ನು ಇಂದೇ ತೆಗೆದಿಡಬೇಕು. ಹೆಣ ಸುಟ್ಟ ಮೇಲೆ ಯಾವ ವಿಜ್ಞಾನವೂ ಮಾತಾಡದು.

ನಮ್ಮ ಬೇಡಿಕೆ ಮೂರೇ. ಒಂದು: ಕೆಲಸದ ಜಾಗದಲ್ಲಿ, ರಸ್ತೆಯಲ್ಲಿ, ಠಾಣೆಯಲ್ಲಿ ಸತ್ತವನ ತಲೆಗೆ ಪೆಟ್ಟಿನ ಶಂಕೆಯಿದ್ದರೆ, ಮರಣೋತ್ತರ ಪರೀಕ್ಷೆಯ ವೇಳೆಯಲ್ಲೇ ಆ ದ್ರವವನ್ನು ತೆಗೆದು, ಮೊಹರು ಹಾಕಿ, ತಂಪಿನಲ್ಲಿಡಬೇಕು. ಎರಡು: ಸರಕಾರಿ ಪ್ರಯೋಗಾಲಯಗಳಲ್ಲಿ ಈ ಪರೀಕ್ಷೆಯ ಏರ್ಪಾಡಾಗಬೇಕು. ಮೂರು: ವರದಿಯ ಪ್ರತಿ ಕನ್ನಡದಲ್ಲಿ ಸತ್ತವನ ಮನೆಗೆ ಬರಬೇಕು.

ಬಂಧುಗಳೇ, ಜೊತೆಗಾರ ಬಿದ್ದು ಸತ್ತ ದಿನ ಅಳುವುದು ಸಹಜ. ಅಳುತ್ತಲೇ ನಾಲ್ವರು ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಿರಿ. “ತಲೆ ತೆರೆದು ನೋಡಿದಿರಾ? ದ್ರವ ತೆಗೆದಿಟ್ಟಿರಾ?” ಎಂದು ಕೇಳಿರಿ. ಕೇಳುವವರಿಲ್ಲದ ಹೆಣಕ್ಕೆ ಎದೆ ನಿಂತಿತೆಂದು ಬರೆಯುವುದು ಬಲು ಸುಲಭ.