ಶಂಕರಪುರಂನ ಬಾಡಿಗೆ, ಉಪ್ಪಳದ ತಂಗಿಯ ಪಾಲು

ಮದ್ರಸ ಬಿಟ್ಟ ಮೇಲೆ ನಮ್ಮ ಹತ್ತಿರ ಬರುವವರಲ್ಲಿ ಹೆಚ್ಚಿನವರು ಕೇಳುವುದು ಮೀರಾಸಿನ ಲೆಕ್ಕ. ಮೊನ್ನೆ ಬಂದವರೊಬ್ಬರು ಅದರ ಜೊತೆ ಟ್ಯಾಕ್ಸಿನ ಪ್ರಶ್ನೆಯನ್ನೂ ತಂದಿದ್ದರು. ಅವರ ಮರ್ಹೂಂ ತಂದೆ ಬೆಂಗಳೂರಿನಲ್ಲಿ ವ್ಯಾಪಾರ ಮಾಡಿ ಶಂಕರಪುರಂನಲ್ಲಿ ಒಂದು ಮನೆ ಮಾಡಿಟ್ಟಿದ್ದಾರೆ. ತಿಂಗಳಿಗೆ 48,000 ರೂಪಾಯಿ ಬಾಡಿಗೆ. ವಾರಸುದಾರರು ಉಮ್ಮ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ತಮ್ಮ ದುಬೈಯಲ್ಲಿ, ಒಬ್ಬ ತಂಗಿ ಉಳ್ಳಾಲದಲ್ಲಿ, ಇನ್ನೊಬ್ಬಳು ಉಪ್ಪಳದಲ್ಲಿ. ಮೂರು ವರ್ಷದಿಂದ ಬಾಡಿಗೆ ಪೂರ್ತಿ ಅಣ್ಣನ ಖಾತೆಗೇ ಬರ್ತಾ ಇದೆ.

"ಉಸ್ತಾದ್, ತಂಗಿ ಈಗ ಕೇರಳದವಳು. ಅವಳಿಗೆ ಬಾಡಿಗೆ ಕೊಟ್ಟರೆ ಕರ್ನಾಟಕಕ್ಕೂ ಕೇರಳಕ್ಕೂ ಎರಡು ಕಡೆ ಟ್ಯಾಕ್ಸ್ ಕಟ್ಟಬೇಕಂತೆ. ಆ ತಲೆನೋವು ಬೇಡ ಅಂತ ಎಲ್ಲ ನನ್ನ ಹತ್ತಿರವೇ ಇಟ್ಟಿದ್ದೇನೆ" ಅಂದರು.

ನಾವು ಓದಿದ್ದು ಪಿಯುಸಿ. ಆದರೂ ಈ ಮಾತು ನಮಗೆ ಸರಿ ಕಾಣಲಿಲ್ಲ. ಪರಿಚಯದ ಆಡಿಟರ್ ಒಬ್ಬರ ಹತ್ತಿರ ಕೂತು ಕೇಳಿ ತಿಳಿದುಕೊಂಡೆವು. ಇದೇ ನೆಪ ನಮ್ಮ ಎಷ್ಟೋ ಮನೆಗಳಲ್ಲಿ ಇರುವುದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯದಾಗಿ, ನಮ್ಮ ದೇಶದಲ್ಲಿ ಬಾಡಿಗೆ ಆದಾಯದ ಮೇಲೆ ರಾಜ್ಯದ ಇನ್‌ಕಮ್ ಟ್ಯಾಕ್ಸ್ ಅನ್ನುವುದೇ ಇಲ್ಲ. ಸಂವಿಧಾನದ ಪ್ರಕಾರ ಕೃಷಿ ಬಿಟ್ಟು ಉಳಿದ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರ ಕೇಂದ್ರದ್ದು. ರಾಜ್ಯಗಳ ಪಟ್ಟಿಯಲ್ಲಿರುವುದು ಕೃಷಿ ಆದಾಯ, ಜಮೀನು ಕಟ್ಟಡದ ತೆರಿಗೆ, ವೃತ್ತಿ ತೆರಿಗೆ ಇಂಥವು. ಸಂಬಳದಲ್ಲಿ ಹಿಡಿಯುವ ವೃತ್ತಿ ತೆರಿಗೆ ವರ್ಷಕ್ಕೆ 2,500 ರೂಪಾಯಿ ದಾಟುವ ಹಾಗಿಲ್ಲ, ಅದಕ್ಕೂ ಮನೆ ಬಾಡಿಗೆಗೂ ಸಂಬಂಧವಿಲ್ಲ. ಮನೆಯ ಕಂದಾಯ ಮನೆ ಇರುವ ಊರಿನ ಪಾಲಿಕೆಗೆ, ಅಂದರೆ ಬೆಂಗಳೂರಿಗೆ ಹೋಗುತ್ತದೆ. ಮಾಲಕಿ ಉಪ್ಪಳದಲ್ಲಿದ್ದರೂ ಅಷ್ಟೇ, ಉಳ್ಳಾಲದಲ್ಲಿದ್ದರೂ ಅಷ್ಟೇ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು, ನಿಜ. ಆದರೆ ತಲಪಾಡಿ ಗಡಿ ದಾಟಿದ ಕೂಡಲೇ ಇನ್‌ಕಮ್ ಟ್ಯಾಕ್ಸ್ ಬೇರೆ ಆಗುವುದಿಲ್ಲ.

ಈ ಎರಡು ಟ್ಯಾಕ್ಸಿನ ಮಾತು ಅಮೆರಿಕದಲ್ಲಿರುವವರ ಬಾಯಿಂದ ಬಂದಿರಬೇಕು. ಅಲ್ಲಿ ಹೆಚ್ಚಿನ ರಾಜ್ಯಗಳು ತಮ್ಮದೇ ಆದಾಯ ತೆರಿಗೆ ಹಾಕುತ್ತವೆ. ಟೆಕ್ಸಾಸಿನಲ್ಲಿ ಅದು ಇಲ್ಲ, ಕ್ಯಾಲಿಫೋರ್ನಿಯಾದಲ್ಲಿ ಇದೆ. ಟೆಕ್ಸಾಸಿನಲ್ಲಿ ಕೂತವನಿಗೆ ಕ್ಯಾಲಿಫೋರ್ನಿಯಾದಲ್ಲಿ ಬಾಡಿಗೆ ಮನೆ ಇದ್ದರೆ ಅಲ್ಲಿಗೆ ಬೇರೆ ಲೆಕ್ಕ ಕೊಡಬೇಕು. ಅಲ್ಲಿಯ ಕಾನೂನು ಅಲ್ಲಿಗೆ. ಅದನ್ನು ತಂದು ತಂಗಿಯ ಪಾಲಿಗೆ ಅಡ್ಡ ಇಡುವುದು ಸರಿಯಲ್ಲ.

ಇನ್ನು ಪಾಲಿನ ಲೆಕ್ಕ. ಸಾಲ, ವಸಿಯ್ಯತ್ ತೀರಿದ ಮೇಲೆ ಉಮ್ಮನಿಗೆ ಎಂಟನೇ ಒಂದು ಪಾಲು. ಉಳಿದದ್ದರಲ್ಲಿ ಗಂಡಿಗೆ ಎರಡು, ಹೆಣ್ಣಿಗೆ ಒಂದು. 48,000ದಲ್ಲಿ ಉಮ್ಮನಿಗೆ 6,000, ಗಂಡುಮಕ್ಕಳಿಗೆ ತಲಾ 14,000, ಹೆಣ್ಣುಮಕ್ಕಳಿಗೆ ತಲಾ 7,000. ಕಾನೂನೂ ಇದಕ್ಕೆ ಅಡ್ಡ ಬರುವುದಿಲ್ಲ. ಒಂದೇ ಮನೆಗೆ ಹಲವು ಮಾಲಕರಿದ್ದು ಪಾಲು ನಿಗದಿಯಾಗಿದ್ದರೆ ಅವರವರ ಪಾಲಿನ ಬಾಡಿಗೆ ಅವರವರ ಆದಾಯ.

ತಂಗಿಗೆ ವರ್ಷಕ್ಕೆ ಬರುವುದು 84,000. ಕಟ್ಟಿದ ಕಂದಾಯ ಕಳೆದು, ಉಳಿದದ್ದರಲ್ಲಿ ಶೇ. 30ನ್ನು ರಿಪೇರಿ ಮುಂತಾದ ಖರ್ಚಿಗೆ ಅಂತ ಕಾನೂನೇ ಬಿಡುತ್ತದೆ. ಕಂದಾಯ ಬಿಟ್ಟು ನೋಡಿದರೂ 58,800 ಮಾತ್ರ. 2025-26ರ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ಬೇರೆ ಆದಾಯವಿಲ್ಲದ ಆ ತಂಗಿ ಒಂದು ರೂಪಾಯಿಯೂ ಕಟ್ಟಬೇಕಾಗಿಲ್ಲ! ಬದಲಾಗಿ ಪೂರ್ತಿ 5,76,000 ಅಣ್ಣನ ಹೆಸರಲ್ಲಿ ತೋರಿಸಿದರೆ ಅವರ ವ್ಯಾಪಾರದ ಆದಾಯಕ್ಕೆ 4 ಲಕ್ಷದ ಮೇಲೆ ಸೇರುತ್ತದೆ. ಯಾರ ಹೆಸರಲ್ಲೂ ತೋರಿಸದಿದ್ದರೆ ಸರಕಾರಕ್ಕೂ ಮೋಸ, ತಂಗಿಗೂ ಮೋಸ.

ನಿಜವಾಗಿ ಜಾಗ್ರತೆ ಬೇಕಾದದ್ದು ದುಬೈಯ ತಮ್ಮನ ಪಾಲಿಗೆ. ಅಲ್ಲಿ ಸಂಬಳಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲದಿರಬಹುದು, ಆದರೆ ಇಲ್ಲಿಯ ಬಾಡಿಗೆಗೆ ಇಲ್ಲಿಯ ಕಾನೂನು. ಅನಿವಾಸಿಗೆ ಬಾಡಿಗೆ ಕೊಡುವಾಗ ಬಾಡಿಗೆದಾರನೇ ಸೆಸ್ ಸೇರಿ ಶೇ. 31.2 ಹಿಡಿದು ಸರಕಾರಕ್ಕೆ ಕಟ್ಟಬೇಕು. 14,000ದಲ್ಲಿ 4,368 ರೂಪಾಯಿ. ತಮ್ಮನಿಗೆ ಇಲ್ಲಿ ಬೇರೆ ಆದಾಯ ಇಲ್ಲದಿದ್ದರೆ ರಿಟರ್ನ್ ಸಲ್ಲಿಸಿ ಅದನ್ನು ವಾಪಸ್ ಪಡೆಯಬಹುದು. ಕಡಿಮೆ ಹಿಡಿಯಲು ಮೊದಲೇ ಇಲಾಖೆಗೆ ಅರ್ಜಿ ಹಾಕಲೂಬಹುದು. ಗಲ್ಫಿನಲ್ಲಿರುವ ನಮ್ಮವರಲ್ಲಿ ಹಲವರು ಇದನ್ನು ಕೇಳಿಯೇ ಇಲ್ಲ. ನೋಟೀಸು ಬಂದಾಗ ಸಿಕ್ಕಿಕೊಳ್ಳುವುದು ಪಾಪದ ಬಾಡಿಗೆದಾರ.

"ನಾವು ಝಕಾತ್ ಕೊಡ್ತೇವಲ್ಲ, ಟ್ಯಾಕ್ಸ್ ಯಾಕೆ?" ಅನ್ನುವವರೂ ಇದ್ದಾರೆ. ಎರಡೂ ಬೇರೆ ಬೇರೆ. ಬಾಡಿಗೆಗೆ ಕೊಟ್ಟ ಮನೆಯ ಬೆಲೆಗೆ ಝಕಾತ್ ಇಲ್ಲ. ಬಾಡಿಗೆಯಿಂದ ಉಳಿದ ಹಣ ನಿಸಾಬ್ ಮುಟ್ಟಿ ವರ್ಷ ತುಂಬಿದರೆ ಅದಕ್ಕೆ ಝಕಾತ್. ಒಂದನ್ನು ಕೊಟ್ಟೆ ಅಂತ ಇನ್ನೊಂದು ತೀರುವುದಿಲ್ಲ.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಮನೆಯ ಖಾತೆಗೆ ಎಲ್ಲ ವಾರಸುದಾರರ ಹೆಸರು ಸೇರಿಸಿ. ಎಲ್ಲರಿಗೂ ಪ್ಯಾನ್ ಮಾಡಿಸಿ. ಬಾಡಿಗೆ ಕರಾರಿನಲ್ಲಿ ಪಾಲು ಬರೆಸಿ, ಅವರವರ ಬ್ಯಾಂಕ್ ಖಾತೆಗೇ ಹಣ ಹೋಗಲಿ. ತೆರಿಗೆ ಬಾರದಿದ್ದರೂ ಹೆಣ್ಣುಮಕ್ಕಳು ರಿಟರ್ನ್ ಸಲ್ಲಿಸುವುದು ಒಳ್ಳೆಯದು. ಅದು ಹಕ್ಕುಪತ್ರ ಅಲ್ಲ, ಆದರೂ ಈ ಬಾಡಿಗೆ ಅವಳದ್ದೂ ಹೌದು ಅನ್ನುವುದಕ್ಕೆ ಒಂದು ದಾಖಲೆ.

"ತಂಗಿ ಯಾವತ್ತೂ ಕೇಳಲಿಲ್ಲ" ಅಂತಾರೆ. ತವರಿನ ಬಾಗಿಲು ಮುಚ್ಚೀತು ಅನ್ನುವ ಹೆದರಿಕೆಗೆ ಕೇಳದವರು ನಮ್ಮಲ್ಲಿ ಎಷ್ಟಿಲ್ಲ! ಅವಳು ಬಿಟ್ಟುಕೊಡುವುದಾದರೆ ಬಿಟ್ಟುಕೊಡಲಿ, ಆದರೆ ಎಷ್ಟು ಬಿಡುತ್ತಿದ್ದೇನೆ ಅಂತ ಗೊತ್ತಿದ್ದು ಬಿಡಲಿ. ಲೆಕ್ಕ ಹೇಳದೆ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ.

ನಾವು ಆ ಅಣ್ಣನ ಮುಂದೆಯೇ ಚೀಟಿಯಲ್ಲಿ ಬರೆದೆವು. ತಿಂಗಳಿಗೆ 7,000, ಮೂರು ವರ್ಷಕ್ಕೆ 36 ತಿಂಗಳು, ಒಟ್ಟು 2,52,000 ರೂಪಾಯಿ. ಕಂದಾಯ, ರಿಪೇರಿಯ ಪಾಲು ಕಳೆದುಕೊಳ್ಳಿ, ಉಳಿದದ್ದು ಅಮಾನತ್ ಅಂದೆವು. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಚೀಟಿ ಮಡಚಿ ಕಿಸೆಗೆ ಹಾಕಿ, "ಆದಿತ್ಯವಾರ ಉಪ್ಪಳಕ್ಕೆ ಹೋಗಿ ಬರ್ತೇನೆ ಉಸ್ತಾದ್" ಅಂದರು. ಇಂಥ ಚೀಟಿ ಬರೆಯಬೇಕಾದ ಮನೆಗಳು ನಮ್ಮ ಪ್ರತಿ ಜಮಾಅತಿನಲ್ಲೂ ಇವೆ.